ಸೆಲ್ಟಿಕ್ ಗಂಟಿಗೆ ನಿಜವಾಗಿ ಅರ್ಥವಿದೆಯೇ? ಅದನ್ನು ಮಿನಿಯೇಚರ್ ಚಿತ್ರದಲ್ಲಿ ಬಿಡಿಸುವುದು ಹೇಗೆ?

ಸೆಲ್ಟಿಕ್ ಗಂಟು ಎಂದರೆ ಐರ್ಲೆಂಡ್, ಬ್ರಿಟನ್ನಿನ ಹಳೆಯ ಕಲೆಯಲ್ಲಿ ಕಾಣುವ, ಎಳೆಗಳು ಒಂದರ ಮೇಲೊಂದು ಹಾಯ್ದು ಹೆಣೆದುಕೊಂಡ ಅಲಂಕಾರ. 'ಕೊನೆಯಿಲ್ಲದ ಎಳೆ ಎಂದರೆ ಅಮರ ಪ್ರೇಮ' ಎಂಬಂಥ ವಿವರಣೆಗಳು ಇತ್ತೀಚಿನವು. ಕ್ರಿ.ಶ. 800ರ ಸುಮಾರಿಗೆ ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದ, ಇಂಥ ಗಂಟುಗಳಿರುವ ಸುವಾರ್ತೆಗಳ ಹಸ್ತಪ್ರತಿ 'ಬುಕ್ ಆಫ್ ಕೆಲ್ಸ್' ಈಗ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿದೆ. ಅದರಲ್ಲಿ ಖಚಿತ ಅರ್ಥವಿರುವುದು ಮನುಷ್ಯ, ಸಿಂಹ, ಕರು, ಹದ್ದುಗಳಿಗೆ: ಇವು ಕ್ರಮವಾಗಿ ಸುವಾರ್ತೆ ಬರೆದ ಮತ್ತಾಯ, ಮಾರ್ಕ, ಲೂಕ, ಯೋಹಾನರ ಸಂಕೇತಗಳು. ಗಂಟುಗಳ ಅರ್ಥವನ್ನು ಆ ಕಾಲದವರು ಬರೆದಿಟ್ಟಿಲ್ಲ. ಸೆಲ್ಟಿಕ್ ಎಂದೇ ಹೆಸರಾದ ಮೂರು ಸುರುಳಿಯಂತೂ ಐರ್ಲೆಂಡಿನ ನ್ಯೂಗ್ರೇಂಜ್ ಸಮಾಧಿಯ ಕಲ್ಲಿನಲ್ಲೇ ಇದೆ; ಅದು ಸುಮಾರು ಕ್ರಿ.ಪೂ. 3200ರದು, ಸೆಲ್ಟಿಕ್ ಸಂಸ್ಕೃತಿಗಿಂತ ಬಹಳ ಹಳೆಯದು.

ಬಿಡಿಸಲು ನಯವಾದ ಹಾಟ್ ಪ್ರೆಸ್ ಕಾಗದ ತೆಗೆದುಕೊಳ್ಳಿ. ಪೆನ್ಸಿಲಿನಿಂದ 5 ಮಿ.ಮೀ. ಚೌಕಗಳ ಜಾಲ ಹಾಕಿ, ಎಳೆಯನ್ನು ಓರೆಯಾಗಿ ಓಡಿಸಿ, ಅಂಚು ಬಂದಲ್ಲಿ ತಿರುಗಿಸಿ. ಒಳಗೂ ಎಲ್ಲಿ ತಿರುವು ಬೇಕೋ ಅಲ್ಲಿ ಒಂದು ಸಣ್ಣ ತಡೆಗೆರೆ ಇಡಿ. ಚುಕ್ಕಿ ರಂಗೋಲಿ ಬಲ್ಲವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ಮೊದಲು ಎಳೆಯ ನಡುಗೆರೆ, ಆಮೇಲೆ ಎರಡೂ ಅಂಚು. ಕೊನೆಗೆ ಒಂದೇ ಎಳೆ ಹಿಡಿದು ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಗುರುತಿಸುತ್ತ ಹೋಗಿ. ಎರಡು ಸಲ 'ಮೇಲೆ' ಒಟ್ಟಿಗೆ ಬಂದರೆ ಮಾದರಿ ತಪ್ಪಿಲ್ಲ, ಒಂದು ಅಡ್ಡಹಾಯುವಿಕೆ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಬಣ್ಣ ಹಚ್ಚುವ ಮೊದಲೇ ಇದನ್ನು ಪೂರ್ತಿ ಪರೀಕ್ಷಿಸಿ.

ತೀರಾ ಸಣ್ಣ 000 ಕುಂಚ ಬೇಡ. ಅದರಲ್ಲಿ ಬಣ್ಣ ನಿಲ್ಲದೆ ತುದಿಯಲ್ಲೇ ಒಣಗಿ ಗೆರೆ ತುಂಡಾಗುತ್ತದೆ. ಮೊನೆ ಚೂಪಾಗಿರುವ 0 ಅಥವಾ 1 ಸಾಕು. ಗೌಷ್ (ಕೆಳಗಿನದು ಕಾಣದಂತೆ ಮುಚ್ಚುವ ಜಲವರ್ಣ) ಬಣ್ಣ ಹಾಲಿನಷ್ಟು ತೆಳುವಾಗಿರಲಿ. ಕಪ್ಪು ಅಂಚುಗೆರೆ ಎಲ್ಲ ಒಣಗಿದ ಮೇಲೆಯೇ.