ವಾಸ್ಕೋದಲ್ಲಿ ಬೈಕಿಗೆ ಚಳಿಗಾಲದ ತುಕ್ಕು: ಕಾರಣ ಉಪ್ಪು

ಗೋವಾದ ವಾಸ್ಕೋದಲ್ಲಿ ಮಳೆ ನಿಂತ ಮೇಲೂ ನಿಮ್ಮ ಬೈಕಿನ ಚೈನು, ಸ್ಪೋಕ್ಸು, ಸೈಲೆನ್ಸರಿಗೆ ಯಾಕೆ ತುಕ್ಕು ಹಿಡಿಯುತ್ತಿದೆ ಅಂತ ಕೇಳಿದ್ದೀರಿ. ಹೆಚ್ಚಾಗಿ ಸಮುದ್ರದ ಉಪ್ಪೇ ಕಾರಣ. ರಾತ್ರಿ ಬೈಕನ್ನು ಅಲ್ಲಿನ ಬೈನಾ ಬೀಚ್ ಹತ್ತಿರ ನಿಲ್ಲಿಸುತ್ತೀರಿ ಅಂದಿದ್ದೀರಲ್ವಾ? ಗಾಳಿಯಲ್ಲಿ ಬಂದ ಉಪ್ಪು ಬೈಕ್ ಮೇಲೆ ಕೂರುತ್ತದೆ, ಡಿಸೆಂಬರ್ ಇಬ್ಬನಿ ಅದನ್ನು ಒದ್ದೆ ಮಾಡುತ್ತದೆ. ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತಿತ್ತು, ಈಗ ನೀವೇ ತೊಳೆಯಬೇಕು.

ವಾರಕ್ಕೊಮ್ಮೆ, ಇಂಜಿನ್ ತಣ್ಣಗಾದ ಮೇಲೆ, ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಮಡ್‌ಗಾರ್ಡ್ ಒಳಗೆ, ಇಂಜಿನ್ ಕೆಳಗೆ ಬಿಡಬೇಡಿ, ಉಪ್ಪು ಅಲ್ಲೇ ಜಾಸ್ತಿ. ಪ್ರೆಶರ್ ವಾಶ್ ಮಾಡಿಸಿದರೆ ಬೇರಿಂಗ್ ಕಡೆ ಹಿಡಿಸಬೇಡಿ, ಗ್ರೀಸ್ ಹೋಗುತ್ತದೆ. ಒರೆಸಿ, ಒಂದು ರೌಂಡ್ ಓಡಿಸಿ ಒಣಗಿಸಿ. ಆಮೇಲೆ ಚೈನಿಗೆ ಲ್ಯೂಬ್ ಹಾಕಿ. ಬೋಲ್ಟು, ಸ್ಪೋಕ್ಸಿಗೆ ಬಟ್ಟೆಯಲ್ಲಿ ತೆಳುವಾಗಿ ಡಬ್ಲ್ಯೂಡಿ-40 (ತುಕ್ಕು ತಡೆಯುವ ಸ್ಪ್ರೇ ಎಣ್ಣೆ) ಸವರಿ. ಬ್ರೇಕ್ ಡಿಸ್ಕ್, ಪ್ಯಾಡ್, ಟೈರಿಗೆ ಒಂದು ಹನಿಯೂ ತಾಗಬಾರದು. ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ದಯವಿಟ್ಟು ಹುಷಾರು.

ಒದ್ದೆ ಬೈಕಿಗೆ ಪ್ಲಾಸ್ಟಿಕ್ ಕವರ್ ಹಾಕಲೇಬೇಡಿ, ತೇವ ಒಳಗೇ ಉಳಿಯುತ್ತದೆ.

ಸೈಲೆನ್ಸರ್ ಎಷ್ಟು ಹಾಳಾಗಿದೆ ಅಂತ ನೋಡದೆ ಹೇಳಲಾರೆ. ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಿದ್ದರೆ ಸ್ಯಾಂಡ್ ಪೇಪರಲ್ಲಿ ಉಜ್ಜಿ, ಶಾಖ ತಡೆಯುವ ಸೈಲೆನ್ಸರ್ ಪೇಂಟ್ ಹೊಡೆಯಿರಿ. ಒಳಗೆ ಕುಸಿದರೆ ಪೇಂಟಿಗೆ ಸುಮ್ನೆ ದುಡ್ಡು ಹಾಕಬೇಡಿ, ಬದಲಾಯಿಸಿ.