ಗಡ್ಡೆ ಯಾವುದೆಂದು ತಿಳಿಯದೆ ರಾಡ್ ಹಾಕಬೇಡಿ

ನಮಸ್ಕಾರ. ಗಡ್ಡೆಯಿಂದ ಸೊಂಟದ ಕೀಲಿನ ಬಳಿ ಮೂಳೆ ಮುರಿಯುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಹಾಕಲಾಗದು. ಭಾಷೆ ತಿಳಿಯಾಗಿದೆ, ಎಡವಿರುವುದು ಮೂರನೇ ಪ್ಯಾರಾದಲ್ಲಿ: "ಗಡ್ಡೆ ಕೆರೆದು, ರೋಗಿಯದೇ ಮೂಳೆ ತುಂಬಿ, ಪ್ಲೇಟ್ ಹಾಕಿದರೆ ಮುಗಿಯಿತು." ಕ್ಯಾನ್ಸರ್ ಅಲ್ಲ ಎಂಬ ಒಂದೇ ಕಾರಣಕ್ಕೆ ಎಲ್ಲ ಗಡ್ಡೆಗಳನ್ನೂ ಒಂದೇ ತಕ್ಕಡಿಗೆ ಹಾಕಿಬಿಟ್ಟಿದ್ದೀರಿ.

ಸಾದಾ ಮೂಳೆ ಸಿಸ್ಟ್‌ಗೆ (ಮೂಳೆಯೊಳಗೆ ನೀರು ತುಂಬಿದ ಗುಂಡಿ) ನಿಮ್ಮ ಸೂತ್ರ ಹೆಚ್ಚುಕಡಿಮೆ ಹೊಂದುತ್ತದೆ. ಗಟ್ಟಿ ಮೂಳೆಯ ಜಾಗದಲ್ಲಿ ನಾರಿನಂಥ ದುರ್ಬಲ ಮೂಳೆ ಬೆಳೆಯುವ ಫೈಬ್ರಸ್ ಡಿಸ್‌ಪ್ಲೇಸಿಯಾಗೆ ಹೊಂದುವುದಿಲ್ಲ. ಅಲ್ಲಿ ರೋಗಿಯ ಮೈಯಿಂದಲೇ ತೆಗೆದ ಮೆದುಮೂಳೆಯ ಚೂರು ತುಂಬಿದರೆ ಕಾಲಕ್ರಮೇಣ ಕರಗುತ್ತದೆ, ಆ ಜಾಗಕ್ಕೆ ಮತ್ತೆ ಅದೇ ನಾರುಮೂಳೆ ಬರುತ್ತದೆ. ಪ್ಲೇಟ್ ಮುಗಿಯುವಲ್ಲಿ ಕೆಳಗಿನ ಮೂಳೆಯೂ ರೋಗಿಷ್ಠವಾಗಿದ್ದರೆ ಸರಿಯಾಗಿ ಅಲ್ಲೇ ಮುರಿಯುತ್ತದೆ. ಅದಕ್ಕೇ ತೊಡೆಮೂಳೆಯ ಉದ್ದಕ್ಕೂ ಹೋಗಿ, ಸೊಂಟದ ಕೀಲಿನೊಳಗೆ ಕೂರುವ ಅದರ ದುಂಡನೆಯ ತಲೆಭಾಗವನ್ನೂ ಸ್ಕ್ರೂನಿಂದ ಹಿಡಿಯುವ ರಾಡ್ ಮೇಲು. ತಲೆಭಾಗದ ಕೆಳಗಿರುವ ಮೂಳೆಯ ಕತ್ತು ಮತ್ತು ಉದ್ದನೆಯ ಕಾಂಡದ ನಡುವೆ ಸಾಮಾನ್ಯವಾಗಿ 125–130 ಡಿಗ್ರಿ ಕೋನ ಇರಬೇಕು. ಅದು ಕುರುಬರ ಕೋಲಿನಂತೆ ಬಾಗಿ 90ರ ಸಮೀಪ ಇಳಿದಿದ್ದರೆ, ಮೊದಲು ಮೂಳೆ ಕತ್ತರಿಸಿ ಕೋನ ಎತ್ತಬೇಕು. ಇಲ್ಲದಿದ್ದರೆ ಪ್ರತಿ ಹೆಜ್ಜೆಯ ಭಾರ ಲೋಹದ ಮೇಲೇ ಬಿದ್ದು ಅದು ದಣಿದು ಮುರಿಯುತ್ತದೆ.

ಕ್ಯಾನ್ಸರ್ ಅಲ್ಲದಿದ್ದರೂ ಮೂಳೆ ತಿನ್ನುವ, ಮರುಕಳಿಸುವ ಗಡ್ಡೆಯಾದ ಜೈಂಟ್ ಸೆಲ್ ಟ್ಯೂಮರ್‌ನಲ್ಲಿ 'ಕೆರೆದು' ಎಂಬ ಒಂದು ಪದ ಸಾಲದು. ಕೆರೆಯಲು ಮೂಳೆಯಲ್ಲಿ ತೆರೆದ ಕಿಂಡಿ ಚಿಕ್ಕದಾದರೆ ಅದರ ಅಂಚಿನ ಕೆಳಗೆ ಗಡ್ಡೆ ಉಳಿದು ಮರುಕಳಿಸುತ್ತದೆ. ಒಳಗಿನ ಗುಂಡಿಯಷ್ಟೇ ಅಗಲದ ಕಿಂಡಿ, ಕ್ಯೂರೆಟ್ (ಕೆರೆಯುವ ಚಮಚದಂಥ ಸಾಧನ) ನಂತರ ಹೈಸ್ಪೀಡ್ ಬರ್‌ನಿಂದ (ವೇಗವಾಗಿ ತಿರುಗುವ ಉಜ್ಜುವ ತುದಿ) ಗೋಡೆ ಸವರುವುದು, ಆಮೇಲೆ ಗುಂಡಿ ತುಂಬಲು ಬೋನ್ ಸಿಮೆಂಟ್: ಇವನ್ನು ಬಿಡಿಸಿ ಬರೆಯಿರಿ. ತೊಡೆಮೂಳೆಯ ಕತ್ತು ಮುರಿದು ಜರುಗಿದ್ದರೆ ತಲೆಭಾಗಕ್ಕೆ ರಕ್ತ ನಿಂತು ಅದು ಸಾಯಬಹುದು ಎಂಬ ಮಾತೂ ಇರಲಿ.

ಎಲ್ಲಕ್ಕಿಂತ ದೊಡ್ಡ ಲೋಪ, ಇಡೀ ಲೇಖನದಲ್ಲಿ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಎಂಬ ಪದವೇ ಇಲ್ಲ. ರಕ್ತ ತುಂಬಿದ ಅನ್ಯುರಿಸ್ಮಲ್ ಸಿಸ್ಟ್‌ನಂತೆಯೇ ಕಾಣುವ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಇದೆ. ಗೊತ್ತಿಲ್ಲದೆ ರಾಡ್‌ಗೆಂದು ಮೂಳೆಯ ನಾಳ ಕೊರೆದರೆ ಕ್ಯಾನ್ಸರ್ ಕಣಗಳು ತೊಡೆಯುದ್ದಕ್ಕೂ ಹರಡಿ, ಕಾಲು ಉಳಿಸುವ ದಾರಿಯೇ ಕಿರಿದಾಗುತ್ತದೆ. ಬಯಾಪ್ಸಿಯ ಗಾಯ ಮುಂದಿನ ಆಪರೇಷನ್ನಿನ ಗೆರೆಯಲ್ಲೇ ಇರಬೇಕೆಂಬುದನ್ನೂ ಸೇರಿಸಿ.

ಎರಡನೇ ಚಿತ್ರದ ರೋಗಿಗೆ 9 ವರ್ಷ ಎಂದಿದ್ದೀರಿ, ಆದರೆ ಸ್ಕ್ರೂ ಬೆಳವಣಿಗೆಯ ಪಟ್ಟಿಯನ್ನು (ಮಕ್ಕಳ ಮೂಳೆ ಉದ್ದ ಬೆಳೆಯುವ ಪದರ) ದಾಟಿದೆ. ಪಟ್ಟಿಗಿಂತ ಕೆಳಗೆ ಸ್ಕ್ರೂ ಹಿಡಿಯುವಷ್ಟು ಗಟ್ಟಿ ಮೂಳೆ ಇಲ್ಲದಿದ್ದರೆ ದಾಟಿಸುವುದುಂಟು, ಮಗುವಿನಲ್ಲೂ ಮುರಿತ ಅಲುಗದಿರುವುದೇ ಮೊದಲು. ಹಾಗಿದ್ದರೆ ಆ ಕಾರಣವನ್ನು ಚಿತ್ರದ ಅಡಿಯಲ್ಲಿ ಬರೆಯಿರಿ, ಇಲ್ಲವಾದರೆ ಚಿತ್ರವನ್ನು ತಿದ್ದಿಸಿ ಕಳಿಸಿ.