ಪಿಗ್ಮಿಯ ಕಾಲ ಮುಗಿಯಿತೇ?

ಬಾಗಿಲಿಗೇ ಬಂದು ದಿನದಿನದ ಸಣ್ಣ ಉಳಿತಾಯ ಸಂಗ್ರಹಿಸುವ ಪಿಗ್ಮಿ ಠೇವಣಿಯ ಬಗ್ಗೆ ಕಾಪುವಿನ ಓದುಗರೊಬ್ಬರು ಬರೆದಿದ್ದಾರೆ: ‘ಪಿಗ್ಮಿಯ ಗುಣಗಾನ ಇನ್ನೆಷ್ಟು ದಿನ? ಬಡ ದೇಶಗಳು ಮುಂದೆ ಬರುವುದು ದೊಡ್ಡ ಬಂಡವಾಳದಿಂದ. ಸಣ್ಣವರಿಗೆ ಸಾಲ ಈಗ ಮೊಬೈಲಿನಲ್ಲೇ ಸಿಗುತ್ತದಲ್ಲ?’

ಬಂದರಿಗೆ, ವಿದ್ಯುತ್ತಿಗೆ ದೊಡ್ಡ ಬಂಡವಾಳ ಬೇಕು, ಒಪ್ಪಿದೆ. ಆದರೆ ಮಾನ್ಯರೇ, ಉಡುಪಿಯಲ್ಲಿ ಕುಳಿತು ಈ ಪ್ರಶ್ನೆ ಕೇಳಬಹುದೇ? 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವರು ಇಲ್ಲಿ ಸಿಂಡಿಕೇಟ್ ಬ್ಯಾಂಕ್ ಕಟ್ಟಿದಾಗ ಮೂಲಧನ 8,000 ರೂಪಾಯಿ. ಕೈಮಗ್ಗದವರ ಕಷ್ಟವೇ ಅದಕ್ಕೆ ಪ್ರೇರಣೆ. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆ ತಪ್ಪದೆ ಕಟ್ಟಿದರೆ ವರ್ಷಕ್ಕೆ ಅಸಲೇ 45 ರೂಪಾಯಿ 10 ಆಣೆ.

ಮೀನು ಮಾರುವ ಹೆಂಗಸಿಗೆ ತಿಂಗಳ ಸಂಬಳವಿಲ್ಲ. ಬುಟ್ಟಿ ಬರಿದಾದಾಗ ಕೈಗೆ ಬಂದ ದುಡ್ಡು ರಾತ್ರಿಯೊಳಗೆ ಅಕ್ಕಿಗೆ, ಮದ್ದಿಗೆ, ಕೈಸಾಲಕ್ಕೆ ಹೋಗುತ್ತದೆ. ಪಿಗ್ಮಿಯವನು ಸರಿಯಾಗಿ ಆ ಹೊತ್ತಿಗೇ ಬರಬೇಕು. ಗಂಟೆ ತಪ್ಪಿದರೆ ಅಂದಿನ ಕಂತೂ ತಪ್ಪಿತು. ಅವಳ ಲೆಕ್ಕದಲ್ಲಿ ಜೂನ್, ಜುಲೈ ಖಾಲಿ: ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ. ಆಗಸ್ಟಿನಲ್ಲಿ ಕಂತು ಮತ್ತೆ ಶುರು. ಅವಳು ಸಾಲ ಕೇಳಿದಾಗ ಊರು ಬಲ್ಲ ಮ್ಯಾನೇಜರಿಗೆ ಆ ಖಾಲಿ ಜಾಗದಲ್ಲಿ ಮಳೆಗಾಲ ಕಾಣುತ್ತದೆ, ಸಾಲ ಮಂಜೂರಾಗುತ್ತದೆ. ಮೊಬೈಲಿನ ಲೆಕ್ಕಕ್ಕೆ ಅದು ಬರೀ ಬಾಕಿ.

ಬಾಂಗ್ಲಾದ ಜೋಬ್ರಾ ಹಳ್ಳಿಯಲ್ಲಿ ಅರ್ಥಶಾಸ್ತ್ರಜ್ಞ ಮುಹಮ್ಮದ್ ಯೂನುಸ್ ಕಿರುಸಾಲ ಆರಂಭಿಸಿದ್ದು 1976ರಲ್ಲಿ. ಅದು ಜಗತ್ತಿಗೇ ಪಾಠವಾಯಿತು, ನಿಜ. ಅಲ್ಲಿ ಮೊದಲು ಸಾಲ. ನಮ್ಮಲ್ಲಿ ಅದಕ್ಕೂ 48 ವರ್ಷ ಹಿಂದೆಯೇ ಮೊದಲು ಉಳಿತಾಯ. ಈ ಕ್ರಮ ತಿರುಗಿದಲ್ಲಿ ವಾರದ ಕಂತು ಕಟ್ಟಲು ಇನ್ನೊಂದು ಸಾಲ, ಅದಕ್ಕೆ ಮತ್ತೊಂದು. ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಪಿಗ್ಮಿಯಲ್ಲೂ ಮೋಸವುಂಟು. ಸಂಗ್ರಹಿಸಿದವನು ಬ್ಯಾಂಕಿಗೆ ಕಟ್ಟದೆ ಇರಬಹುದು. ಆದ್ದರಿಂದ ಪ್ರತಿ ರಶೀದಿ ಇಟ್ಟುಕೊಂಡು, ತಿಂಗಳಿಗೊಮ್ಮೆ ಶಾಖೆಯಲ್ಲೇ ಖಾತೆಯ ಮೊತ್ತ ತಾಳೆ ನೋಡಬೇಕು. ಅವಧಿಗೆ ಮುನ್ನ ಮುರಿದರೆ ಎಷ್ಟು ಕಡಿತ ಎಂದು ಖಾತೆ ತೆರೆಯುವಾಗಲೇ ಕೇಳಬೇಕು.

ನನ್ನ ಸಂಕಟ ಬೇರೆ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ, ಉಡುಪಿಯ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳು 2020ರಲ್ಲಿ ಬೇರೆ ದೊಡ್ಡ ಬ್ಯಾಂಕ್‌ಗಳಲ್ಲಿ ವಿಲೀನವಾದವು. ತುಳು, ಕನ್ನಡ ಬಾರದ ಮ್ಯಾನೇಜರು ಮೂರು ವರ್ಷಕ್ಕೆ ವರ್ಗವಾಗಿ ಹೋದರೆ ಮಳೆಗಾಲದ ಆ ಖಾಲಿ ಜಾಗವನ್ನು ಓದುವವರು ಯಾರು? ನಮ್ಮ ಠೇವಣಿ ನಮ್ಮ ದುಡಿಮೆಗೆ ಒದಗದೆ ದೂರದ ನಗರಗಳಿಗೆ ಹರಿಯುತ್ತದೆ. ನಿಮ್ಮ ಶಾಖೆಗೆ ಹೋಗಿ ಕೇಳಿ: ಇಲ್ಲಿನ ನೂರು ರೂಪಾಯಿ ಠೇವಣಿಗೆ ಇಲ್ಲೇ ಕೊಟ್ಟ ಸಾಲವೆಷ್ಟು? ಒಂದು ಬ್ಯಾಂಕಿನ ದೇಶದ ಎಲ್ಲ ಗ್ರಾಮೀಣ, ಅರೆನಗರ ಶಾಖೆಗಳಿಗೆ ಒಟ್ಟಾರೆಯಾಗಿ ರಿಸರ್ವ್ ಬ್ಯಾಂಕ್ ಹೇಳಿದ ಮಟ್ಟ 60. ಸಿಕ್ಕಿದ ಉತ್ತರವನ್ನು ನಮಗೆ ಬರೆಯಿರಿ, ಪ್ರಕಟಿಸುತ್ತೇವೆ.

– ಸಂ.